ಬಜೆ ತೇಯ್ದದ್ದು ಸಾಕು

ಅಕ್ಕನ ಮಗನಿಗೆ ಆಗ ಎರಡೂವರೆ ವರ್ಷ. ಒಂದು ಮಾತೂ ಇಲ್ಲ, ಹೆಸರು ಹಿಡಿದು ಕರೆದರೆ ತಿರುಗೋದೂ ಇಲ್ಲ. ಮನೇಲಿ ಎಲ್ಲರೂ ಡಾಕ್ಟರೇ. 'ಗಂಡುಮಕ್ಕಳು ಮಾತಾಡೋದು ತಡ ಕಣೇ', 'ಬಜೆ ತೇಯ್ದು ನಾಲಿಗೆಗೆ ಹಚ್ಚು', 'ಅವನ ಸೋದರಮಾವ ಮಾತಾಡಿದ್ದೂ ನಾಲ್ಕಕ್ಕೇ'. (ಆ ಮಾವ ನಾನೇ. ನನ್ನನ್ನೂ ಸಾಕ್ಷಿ ಮಾಡಿಬಿಟ್ಟರು.) ಹೀಗೇ ಒಂದು ವರ್ಷ ಹೋಯ್ತು.

ಆ ವರ್ಷದ ಬಗ್ಗೆ ನನಗೆ ಸಿಟ್ಟಿದೆ. ಮಗುವಿನ ಮಿದುಳು ಭರದಿಂದ ಬೆಳೆಯೋ ಕಾಲ ಅದು, ಥೆರಪಿ ಚೆನ್ನಾಗಿ ಹತ್ತೋದೂ ಆಗಲೇ. ಕಾರಲ್ಲಿ ಕೆಂಪು ದೀಪ ಹತ್ತಿದ ದಿನವೇ ಸರ್ವಿಸ್ ಸೆಂಟರಿಗೆ ಓಡ್ತೀವಿ. ಮಗು ವಿಷಯಕ್ಕೆ ಮಾತ್ರ 'ನೋಡೋಣ'!

ದುಡ್ಡಿನ ಭಯವೇ? ಇರಲಿ, ನಿಜ. ಆದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ ಇರೋ ಮಕ್ಕಳಿಗೆ ಕೇಂದ್ರದ ನಿರಾಮಯ ವಿಮೆ 1 ಲಕ್ಷದವರೆಗೆ ಸಿಗುತ್ತೆ. ಆಫೀಸಿನ ಇನ್ಶೂರೆನ್ಸ್ ಪಿಡಿಎಫ್ ಬಾಯಿಪಾಠ ಇರೋರಿಗೂ ಇದು ಗೊತ್ತಿಲ್ಲ. ಮೊದಲು ಕಿವಿ ಪರೀಕ್ಷೆಯನ್ನಾದ್ರೂ ಮಾಡಿಸಿ ಸ್ವಾಮಿ.

ಈಗ ಅವನು ಥೆರಪಿಗೆ ಹೋಗ್ತಾನೆ. ಬಾಯಾರಿದರೆ ಲೋಟ ತೋರಿಸ್ತಾನೆ. ಮೊನ್ನೆ ದೊಡ್ಡಮ್ಮ ಬಂದು, 'ತಾನಾಗೇ ಬರುತ್ತೆ, ಥೆರಪಿ ಬಿಡಿಸು' ಅಂದ್ರು. ಅಕ್ಕ ಕಾಫಿ ಕೊಟ್ಟು ಕಳಿಸಿದ್ಲು.