ಕುಂಕುಮ ಹಚ್ಚಿದ್ದೀರಿ, ಗುಂಡಿ ಒತ್ತಿದ್ದೀರಾ?

ಆಯುಧ ಪೂಜೆ ದಿನ ಯಾವ ಊರಿನ ಹಿಟ್ಟಿನ ಗಿರಣಿಗೆ ಹೋದರೂ ಮೋಟಾರಿಗೆ ಹೂವಿನ ಹಾರ, ಕಲ್ಲಿಗೆ ವಿಭೂತಿ, ಸ್ವಿಚ್ ಬೋರ್ಡಿಗೆ ಕುಂಕುಮದ ಬೊಟ್ಟು ಕಾಣುತ್ತದೆ. ಕೆಲವು ಕಡೆ ಆ ಬೊಟ್ಟು ಸರಿಯಾಗಿ ಒಂದು ಪುಟ್ಟ ಗುಂಡಿಯ ಮೇಲೇ ಬಿದ್ದಿರುತ್ತದೆ. ಗುಂಡಿಯ ಮೇಲೋ ಪಕ್ಕದಲ್ಲೋ ಇಂಗ್ಲಿಷಿನ ‘ಟಿ’ ಅಕ್ಷರ. ಟಿ ಅಂದರೆ ಟೆಸ್ಟ್. ಕುಂಕುಮ ಹಚ್ಚಿದ ಕೈ ಅದನ್ನು ಒಂದು ಸಲ ಒತ್ತಿದ್ದರೂ ಸಾಕಿತ್ತು. ಒತ್ತುವವರು ಕಡಿಮೆ.

ಆ ಗುಂಡಿ ಇರುವುದು ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ಚಿನಲ್ಲಿ. ಹಳೆಯ ಎಲೆಕ್ಟ್ರಿಷಿಯನ್‌ಗಳು ಇಎಲ್‌ಸಿಬಿ ಅನ್ನುತ್ತಾರೆ. ಅದರ ಪಕ್ಕದಲ್ಲೇ ಎಂಸಿಬಿಗಳ ಸಾಲು ಇರುತ್ತದೆ. ಎರಡೂ ಒಂದೇ, ಕರೆಂಟ್ ಜಾಸ್ತಿಯಾದರೆ ಕೆಳಗೆ ಬೀಳುತ್ತವೆ ಅಂತ ತಿಳಿದವರೇ ಬಹಳ. ಒಂದೇ ಅಲ್ಲ. ಎಂಸಿಬಿ ಕಾಯುವುದು ವೈರನ್ನು. ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು.

ಲೆಕ್ಕ ನೋಡಿ. ಗಿರಣಿಯಲ್ಲಿ 32 ಆಂಪಿಯರ್ ಎಂಸಿಬಿ ಇದೆ ಅನ್ನಿ. ಮೋಟಾರಿನ ಮೈಗೆ ಕರೆಂಟ್ ಬಂದು, ಕೆಲಸದ ಹುಡುಗ ಬೆವರಿದ ಕೈಯಲ್ಲಿ ಅದನ್ನು ಹಿಡಿದರೆ ಅವನ ದೇಹದಲ್ಲಿ ಹರಿಯುವುದು ಒಂದು ಆಂಪಿಯರ್‌ನ ಸಣ್ಣದೊಂದು ಪಾಲು. ಪ್ರಾಣ ಹೋಗಲು ಅಷ್ಟು ಸಾಕು. ಎಂಸಿಬಿಗೆ ಅದು ಗೊತ್ತೂ ಆಗುವುದಿಲ್ಲ, ತನ್ನ ಪಾಡಿಗೆ ಇರುತ್ತದೆ. ಜೀವ ಉಳಿಸಲೆಂದು ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೇ ಬೀಳಬೇಕು. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬ್ ಎಳೆಯುವ ಕರೆಂಟಿಗಿಂತಲೂ ಕಡಿಮೆ ಅದು.

ಅದು ಕೆಲಸ ಮಾಡುವ ರೀತಿ ಹಾಲಿನ ಡೈರಿಯವರಿಗೆ ಬೇಗ ಅರ್ಥವಾಗುತ್ತದೆ. ಊರಲ್ಲಿ ಅಳೆದು ಕಳಿಸಿದ ಹಾಲು ಅಷ್ಟಕ್ಕಷ್ಟೇ ಶೀತಲೀಕರಣ ಕೇಂದ್ರಕ್ಕೆ ಮುಟ್ಟಬೇಕು. ಕಡಿಮೆ ಬಂತೆಂದರೆ ದಾರಿಯಲ್ಲಿ ಎಲ್ಲೋ ಚೆಲ್ಲಿದೆ. ಹಾಗೇ ಫೇಸ್ ವೈರಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಬರಲಿಲ್ಲ ಅಂದರೆ ಯಾರದೋ ಮೈಯ ಮೂಲಕವೋ, ಒದ್ದೆ ಗೋಡೆಯ ಮೂಲಕವೋ ನೆಲಕ್ಕೆ ಹೋಗುತ್ತಿದೆ. ಸ್ವಿಚ್ ಈ ವ್ಯತ್ಯಾಸ ಹಿಡಿದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಟೆಸ್ಟ್ ಗುಂಡಿ ಒತ್ತಿದಾಗ ಆಗುವುದೂ ಇದೇ: ಒಳಗೆ ಬೇಕೆಂದೇ ಒಂದು ಸಣ್ಣ ಸೋರಿಕೆ ಮಾಡಿ, ಸ್ವಿಚ್ ಎಚ್ಚರವಾಗಿದೆಯೇ ಅಂತ ನೋಡುತ್ತದೆ.

ಎಚ್ಚರವಾಗಿಲ್ಲದಿರುವ ಸಾಧ್ಯತೆ ನಿಜಕ್ಕೂ ಇದೆ. ಒಳಗಿರುವುದು ಸ್ಪ್ರಿಂಗು, ಸಣ್ಣ ಕೊಂಡಿ, ತೆಳು ತಂತಿ. ವರ್ಷಗಟ್ಟಲೆ ಅಲುಗಾಡದೆ ಕೂತ ಯಾವ ಕೀಲು ಸಲೀಸಾಗಿ ತಿರುಗುತ್ತದೆ? ಅದರ ಮೇಲೆ ಹಿಟ್ಟಿನ ಧೂಳು, ಮಳೆಗಾಲದ ತೇವ, ಇರುವೆ ಗೂಡು. ಆಗಾಗ ಗುಂಡಿ ಒತ್ತಿ ನೋಡಿ ಅಂತ ಸ್ವಿಚ್ ಮಾಡಿದ ಕಂಪನಿಗಳೇ ಹೇಳುತ್ತವೆ. ತಿಂಗಳಿಗೊಂದು ಸಲ ಅಂತ ಇಟ್ಟುಕೊಳ್ಳಿ. ಅಮಾವಾಸ್ಯೆಗೆ ಗಿರಣಿ ಬಿಡುವು ಕೊಡುವ ಊರುಗಳಲ್ಲಿ ಬೇರೆ ದಿನ ಹುಡುಕಬೇಕಾಗಿಯೂ ಇಲ್ಲ.

ಆದರೆ ನನ್ನ ತಕರಾರು ಮರೆಯುವವರ ಮೇಲಲ್ಲ. ‘ಡೈರೆಕ್ಟ್’ ಮಾಡುವವರ ಮೇಲೆ. ಜುಲೈ ತಿಂಗಳು, ಹೊರಗೆ ಜಡಿಮಳೆ, ಸ್ವಿಚ್ ಮೇಲಿಂದ ಮೇಲೆ ಬೀಳುತ್ತಿದೆ, ಗಿರಾಕಿಗಳು ಜೋಳದ ಚೀಲ ಇಟ್ಟುಕೊಂಡು ಕಾಯುತ್ತಿದ್ದಾರೆ. ಎಲೆಕ್ಟ್ರಿಷಿಯನ್ ಬರುತ್ತಾನೆ, ಎರಡು ವೈರ್ ಬಿಚ್ಚಿ ಆರ್‌ಸಿಸಿಬಿಯನ್ನು ಬಿಟ್ಟು ನೇರ ಜೋಡಿಸುತ್ತಾನೆ. ಐದು ನಿಮಿಷದ ಕೆಲಸ. ಸ್ವಿಚ್ ಬೋರ್ಡಿನಲ್ಲೇ ಇರುತ್ತದೆ, ನೋಡಿದವರಿಗೆ ಎಲ್ಲಾ ಸರಿ ಇದ್ದಂತೆ. ಮಾಲೀಕರು ಇದನ್ನು ರಿಪೇರಿ ಅನ್ನುತ್ತಾರೆ. ನಾಯಿ ಬೊಗಳಿತು ಅಂತ ನಾಯಿಯ ಬಾಯಿ ಕಟ್ಟಿದರೆ ಕಳ್ಳ ಹೋಗುತ್ತಾನೆಯೇ? ಸ್ವಿಚ್ ಬಿದ್ದದ್ದು ಎಲ್ಲೋ ಸೋರಿಕೆ ಇದೆ ಅಂತ. ಆ ಸೋರಿಕೆ ಈಗಲೂ ಅಲ್ಲೇ ಇದೆ, ಹೇಳುವವರು ಮಾತ್ರ ಇಲ್ಲ.

ಇದರ ಬೆಲೆ ಕಟ್ಟುವವನು ಮಾಲೀಕನೂ ಅಲ್ಲ, ಎಲೆಕ್ಟ್ರಿಷಿಯನ್ನೂ ಅಲ್ಲ. ದಿನವಿಡೀ ಬರಿಗಾಲಲ್ಲಿ ಮೋಟಾರಿನ ಪಕ್ಕ ನಿಲ್ಲುವ ಕೂಲಿಯವನು, ವೆಲ್ಡಿಂಗ್ ಶಾಪಿನಲ್ಲಿ ಗ್ರೈಂಡರ್ ಹಿಡಿಯುವ ಹುಡುಗ, ಕೋಳಿ ಫಾರಂನಲ್ಲಿ ಒದ್ದೆ ನೆಲ ತೊಳೆಯುವ ಹೆಂಗಸು. ಇಬ್ಬರು ಮೂವರು ದುಡಿಯುವ ಇಂಥ ಜಾಗಗಳು ಕಾರ್ಖಾನೆ ಕಾನೂನಿನ ಲೆಕ್ಕಕ್ಕೇ ಬರುವುದಿಲ್ಲ. ಲೈನ್‌ಮನ್‌ನ ಜವಾಬ್ದಾರಿ ಮೀಟರ್‌ವರೆಗೆ. ಮೀಟರ್ ದಾಟಿದ ಮೇಲೆ ಯಾರೂ ಇಲ್ಲ. ಹಾಗಾಗಿ ಗುಂಡಿ ಒತ್ತುವ ಹಕ್ಕು ಮೋಟಾರ್ ಮುಟ್ಟುವವನದೇ ಆಗಬೇಕು ಅನ್ನುತ್ತೇನೆ ನಾನು. ಮಾಲೀಕರ ಅಪ್ಪಣೆ ಕೇಳುವ ವಿಷಯ ಆಗಬಾರದು. ಮೋಟಾರ್ ನಿಲ್ಲಿಸಿ, ಲೈನ್ ಆನ್ ಇರುವಾಗಲೇ ಒತ್ತಬೇಕು. ಟಪ್ ಅಂತ ಬಿದ್ದರೆ ಎತ್ತಿ ಕೆಲಸ ಶುರು ಮಾಡಿ. ಬೀಳಲಿಲ್ಲವೋ, ಸರಿಮಾಡುವ ತನಕ ಮೋಟಾರ್ ಓಡಬಾರದು.

ಮೂರು ಫೇಸ್ ಇರುವಲ್ಲಿ ಒಂದು ತೊಡಕುಂಟು. ನಾಲ್ಕು ಪೋಲಿನ ಸ್ವಿಚ್ಚಿಗೆ ನ್ಯೂಟ್ರಲ್ ಕೊಡದೆ ಬರೀ ಮೂರು ವೈರ್ ಜೋಡಿಸಿದ್ದರೆ, ಸ್ವಿಚ್ ಚೆನ್ನಾಗಿದ್ದರೂ ಟೆಸ್ಟ್ ಗುಂಡಿ ಕೆಲಸ ಮಾಡದಿರಬಹುದು. ‘ಅದು ಹಂಗೇ ಬಿಡ್ರಿ’ ಅನ್ನುವ ಎಲೆಕ್ಟ್ರಿಷಿಯನ್ ಮಾತಿಗೆ ಒಪ್ಪಬೇಡಿ, ಗುಂಡಿ ಕೆಲಸ ಮಾಡುವಂತೆ ಜೋಡಿಸಿಕೊಡಲು ಹೇಳಿ. ಸ್ವಿಚ್ಚಿನ ಮುಖದ ಮೇಲಿನ ಅಂಕಿಯನ್ನೂ ಓದಿ. 30 ಮಿಲಿಆಂಪಿಯರ್ ಅಥವಾ 0.03 ಆಂಪಿಯರ್ ಅಂತ ಇದ್ದರೆ ಜೀವ ಕಾಯುವಂಥದ್ದು. 300 ಅಂತ ಇದ್ದರೆ ಅದು ಬೆಂಕಿ ತಡೆಯಲು, ಮನುಷ್ಯನಿಗೆ ಅದನ್ನು ನಂಬಬೇಡಿ. ಇನ್ನು ಗುಂಡಿ ಎಲ್ಲವನ್ನೂ ಹೇಳುವುದಿಲ್ಲ. ಎಷ್ಟು ಸೋರಿಕೆಗೆ, ಎಷ್ಟು ಬೇಗ ಬೀಳುತ್ತದೆ ಅಂತ ನೋಡಲು ಬೇರೆ ಮೀಟರ್ ಇದೆ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಹತ್ತಿರ ವರ್ಷಕ್ಕೊಮ್ಮೆ ಅಳೆಸಬಹುದು. ಅರ್ಥಿಂಗ್ ಸರಿ ಇದೆಯೇ ಅಂತಲೂ ಗುಂಡಿ ಹೇಳದು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುವ ಹಳೆಯ ರೂಢಿ ಬಿಡಬೇಡಿ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಆರ್‌ಸಿಸಿಬಿ ಕಾಯುತ್ತದೆ ಅಂತ ಹೇಳಲಾಗದು. ಅದರ ಕಣ್ಣಿಗೆ ಅವನೂ ಒಂದು ಬಲ್ಬ್ ಅಷ್ಟೇ.

ಖಾಸಗಿಯವರಿಗೆ ಇಷ್ಟೆಲ್ಲ ಹೇಳುವ ಮುಂಚೆ ಗ್ರಾಮ ಪಂಚಾಯಿತಿ ತನ್ನ ಪಂಪ್‌ಹೌಸ್ ಬಾಗಿಲು ತೆಗೆದು ನೋಡಲಿ. ಬೆಳಗಿನ ಜಾವ ನೀರು ಬಿಡುವ ವಾಟರ್‌ಮನ್ ಎಲ್ಲಿ ನಿಲ್ಲುತ್ತಾನೆ? ವಾಲ್ವ್ ಸೋರಿ ಕೆಸರಾದ ಜಾಗದಲ್ಲಿ. ಕೈ ಹಾಕುವುದು ತುಕ್ಕು ಹಿಡಿದ ಕಬ್ಬಿಣದ ಸ್ಟಾರ್ಟರ್ ಡಬ್ಬಿಗೆ. ಬೀದಿ ಬದಿಯ ಮಿನಿ ಟ್ಯಾಂಕ್‌ಗಳ ಡಬ್ಬಿಗೆ ಬಾಗಿಲೇ ಇರುವುದಿಲ್ಲ, ಕೆಳಗೆ ಮಕ್ಕಳು ಕೊಡ ಹಿಡಿದು ನಿಂತಿರುತ್ತಾರೆ. ಉದ್ದದ ಕೇಬಲ್ಲಿನ ಬೋರ್‌ವೆಲ್ ಮೋಟಾರಿಗೆ 30ರ ಸ್ವಿಚ್ ನಿಲ್ಲದೇ ಇರಬಹುದು, ಯಾವುದು ಹಾಕಬೇಕೆಂದು ತಿಳಿದವರು ನಿರ್ಧರಿಸಲಿ. ಏನೂ ಇಲ್ಲದಿರುವುದಕ್ಕೆ ಅದು ನೆಪವಾಗಬಾರದು.

ಮುಂದಿನ ಗ್ರಾಮ ಸಭೆಯಲ್ಲಿ ಪಿಡಿಒ ಅವರನ್ನು ಹೆಸರು ಹಿಡಿದು ಕೇಳಿ: ನಮ್ಮ ಪಂಚಾಯಿತಿಯಲ್ಲಿ ಎಷ್ಟು ಪಂಪ್‌ಹೌಸ್, ಎಷ್ಟರಲ್ಲಿ ಸುರಕ್ಷತಾ ಸ್ವಿಚ್ ಇದೆ, ಕೊನೆಯ ಸಲ ಟೆಸ್ಟ್ ಮಾಡಿದ್ದು ಯಾವ ತಾರೀಖು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ವಾಟರ್‌ಮನ್‌ನನ್ನೂ ಸಭೆಗೆ ಕರೆಯಿರಿ, ಡಬ್ಬಿ ಮುಟ್ಟಿದರೆ ಜುಮ್ ಅನ್ನುತ್ತದೆಯೇ ಅಂತ ಅವನೇ ಹೇಳಲಿ.