ಕೇಳುತ್ತಿರುವವರು ಯಾರು?
ಹೆವಿ ಮೆಟಲ್ ಗಾಯಕ ಓಝಿ ಆಸ್ಬೋರ್ನ್‌ರ 1980ರ ‘ಬ್ಲಿಝರ್ಡ್ ಆಫ್ ಓಝ್’ ಆಲ್ಬಮ್ 2002ರಲ್ಲಿ ಹೊಸದಾಗಿ ಬಂದಾಗ ಬಾಬ್ ಡೇಸ್ಲಿಯವರ ಬೇಸ್ ಗಿಟಾರನ್ನೂ ಲೀ ಕರ್ಸ್ಲೇಕ್‌ರ ಡ್ರಮ್ಸನ್ನೂ ಅಳಿಸಿ, ಬೇರೆಯವರಿಂದ ನುಡಿಸಿ ತುಂಬಿದ್ದರು. ಆ ಇಬ್ಬರ ಜೊತೆ ರಾಯಲ್ಟಿ ವ್ಯಾಜ್ಯ ನಡೆಯುತ್ತಿದ್ದ ಕಾಲ ಅದು. ಓಝಿಯ ಕಂಠ ಅದೇ, 1982ರಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದ ರ‍್ಯಾಂಡಿ ರೋಡ್ಸ್‌ನ ಗಿಟಾರೂ ಅದೇ. ಆದರೂ ಇದು ನಮ್ಮ ಆಲ್ಬಮ್ ಅಲ್ಲ ಎಂದು ಅಭಿಮಾನಿಗಳು ಸಿಟ್ಟಾದರು, ಆ ಸಿಟ್ಟು ನ್ಯಾಯವಾದದ್ದೇ. 2011ರಲ್ಲಿ ಮೂಲ ವಾದನವೇ ರೀಮಾಸ್ಟರ್ ಆಗಿ ಮರಳಿತು. ಹೆಡ್‌ಫೋನ್ ಹಾಕಿಕೊಂಡು ಅದರ ‘ಮಿಸ್ಟರ್ ಕ್ರೌಲಿ’ ಹಾಡು ಕೇಳಿ: ಡಾನ್ ಏರಿಯ ಕೀಬೋರ್ಡ್ ಕತ್ತಲಂತೆ ಹಬ್ಬುತ್ತದೆ, ಆಮೇಲೆ ಡ್ರಮ್ಸ್ ಬೀಳುತ್ತದೆ, ಕೊನೆಯಲ್ಲಿ ರೋಡ್ಸ್‌ನ ಸೋಲೋ ಏರುವಾಗ ಮೈ ಜುಮ್ಮೆನ್ನುತ್ತದೆ. ಯಾರಿಗೆ? ಎದ್ದ ಪ್ರತಿ ಆಲೋಚನೆಗೂ ಇದು ಯಾರಿಗೆ ಎಂದು ಕೇಳಿಕೊಳ್ಳಲು ರಮಣ ಮಹರ್ಷಿಗಳು ಹೇಳಿದ್ದರು. ನನಗೆ ಎಂಬ ಉತ್ತರ ಬಂದರೆ, ಆ ನಾನು ಯಾರೆಂದು ಹುಡುಕಬೇಕು. ಹರೆಯದಲ್ಲಿ ಈ ಹಾಡನ್ನು ಕ್ಯಾಸೆಟ್ಟಿನಲ್ಲಿ ಕೇಳಿದವನ ಕಿವಿ, ಮೈ, ಅಭಿರುಚಿ ಯಾವುದೂ ಈಗ ಹಾಗೇ ಉಳಿದಿಲ್ಲ, ಆದರೂ ಕೇಳಿದವನು ನಾನೇ ಎನ್ನುತ್ತೇನೆ. ಆಲ್ಬಮ್ಮಿನ ಗುರುತು ಅದರ ಭಾಗಗಳಲ್ಲಿದೆ, ಒಂದನ್ನು ಕಿತ್ತರೆ ಕೆಡುತ್ತದೆ. ಆದರೆ ಆ ‘ನಾನು’ವಿನ ಹಿಂದೆ ನಿಂತು ಎಲ್ಲವನ್ನೂ ಅರಿಯುವ ಅದ್ವೈತದ ಸಾಕ್ಷಿಗೆ ಭಾಗಗಳೇ ಇಲ್ಲ, ಅಳಿಸಲು ಟ್ರ್ಯಾಕೂ ಇಲ್ಲ. ಹಾಗೆಂದು ಡೇಸ್ಲಿಯ ಬೇಸ್ ಮಿಥ್ಯೆ, ಹೋಗಲಿ ಬಿಡಿ ಎನ್ನುವ ವೇದಾಂತವನ್ನು ನಾನು ಒಪ್ಪಲಾರೆ. ದಿನಬಳಕೆಯ ಲೋಕದ ವ್ಯಾವಹಾರಿಕ ಸತ್ಯವನ್ನು ಅದರ ನೆಲೆಯಲ್ಲಿ ಶಂಕರರೂ ತಳ್ಳಿಹಾಕಲಿಲ್ಲ. ನುಡಿಸಿದವನಿಗೆ ಹೆಸರು ಸಲ್ಲಬೇಕು, ಹಣವೂ ಸಲ್ಲಬೇಕು. ಕರ್ಸ್ಲೇಕ್ 2020ರಲ್ಲಿ ತೀರಿಕೊಳ್ಳುವ ಮುನ್ನ ಈ ಆಲ್ಬಮ್ಮಿನ ಪ್ಲಾಟಿನಂ ಡಿಸ್ಕ್ ಅವರ ಕೈಸೇರಿತ್ತು.