ಮೂಗಿನ ಸ್ವಾಬ್ ವರದಿ ಔಷಧಿ ಚೀಟಿಯಲ್ಲ

ಜಿಲ್ಲಾ ಕೇಂದ್ರವೊಂದರ ಲ್ಯಾಬಿನಲ್ಲಿ ಮೈಕ್ರೋಬಯಾಲಜಿ ವಿಭಾಗ ನೋಡಿಕೊಳ್ಳುವವಳು ನಾನು. ನಮ್ಮ ವಿಭಾಗದ ಆದಾಯಕ್ಕೇ ಕತ್ತರಿ ಹಾಕುವ ಮಾತಾದರೂ ಹೇಳಿಬಿಡುತ್ತೇನೆ: ನಮಗೆ ಬರುವ ಮೂಗಿನ ಸ್ವಾಬ್‌ಗಳಲ್ಲಿ ಹೆಚ್ಚಿನವು ಬರಲೇಬೇಕಾಗಿರಲಿಲ್ಲ.

ಮಳೆ ಹಿಡಿಯಿತೆಂದರೆ ಶುರು. ಮಗುವಿನ ನೆಗಡಿ ವಾರವಾದರೂ ಬಿಟ್ಟಿಲ್ಲ, ಸಿಂಬಳ ಹಳದಿಯಾಗಿದೆ, ‘ಯಾವುದಕ್ಕೂ ಒಂದು ಕಲ್ಚರ್ ಮಾಡಿಸಿ’. ಚೀಟಿಯಲ್ಲಿ ಹೆಸರು, ವಯಸ್ಸು, ‘ನೇಸಲ್ ಸ್ವಾಬ್, ಕಲ್ಚರ್ ಅಂಡ್ ಸೆನ್ಸಿಟಿವಿಟಿ’, ಅಷ್ಟೇ. ಏನನ್ನು ಹುಡುಕಬೇಕು, ಈಗಾಗಲೇ ಯಾವ ಆ್ಯಂಟಿಬಯೋಟಿಕ್ ಕುಡಿಸಿದ್ದಾರೆ, ಒಂದಕ್ಷರವಿಲ್ಲ.

ಆ ಕಡ್ಡಿಯನ್ನು ಕುರಿ ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಸವರಿ, 37 ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಇಡುತ್ತೇವೆ. ಬೆಳಿಗ್ಗೆ ತೆಗೆದರೆ ಏನಾದರೊಂದು ಬೆಳೆದಿರುತ್ತದೆ. ಬೆಳೆಯದಿದ್ದರೇ ಆಶ್ಚರ್ಯ. ಸಣ್ಣ ಬಿಳಿ ಚುಕ್ಕೆಗಳಾಗಿ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್. ಒಮ್ಮೊಮ್ಮೆ ತುಸು ಹೊನ್ನಿನ ಬಣ್ಣದ, ಸುತ್ತಲಿನ ರಕ್ತ ಕರಗಿಸಿ ತಿಳಿಯಾದ ಉಂಗುರ ಮಾಡಿಕೊಂಡ ಸ್ಟ್ಯಾಫಿಲೋಕಾಕಸ್ ಆರಿಯಸ್. ಈ ಎರಡನೆಯದರ ಹೆಸರು ಕೇಳಿ ಬೆಚ್ಚಬೇಕಿಲ್ಲ. ಆರೋಗ್ಯವಾಗಿರುವವರಲ್ಲೇ ಶೇ. 20ರಿಂದ 30ರಷ್ಟು ಜನರ ಮೂಗಿನಲ್ಲಿ ಅದು ತಂಟೆಯಿಲ್ಲದೆ ಇರುತ್ತದೆ. ನೆಗಡಿ ತರುವುದು ವೈರಸ್, ಅದು ನಮ್ಮ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಸಿಂಬಳಕ್ಕೆ ಹಳದಿ, ಹಸಿರು ಬಣ್ಣ ಬರುವುದು ನಮ್ಮವೇ ಬಿಳಿ ರಕ್ತಕಣಗಳಲ್ಲಿರುವ ಕಿಣ್ವದಿಂದ. ಸೈನಸ್‌ನಲ್ಲಿ ನಿಜಕ್ಕೂ ಕೀವಿದ್ದರೆ? ಹೊಳ್ಳೆಯ ಅಂಚಿನಲ್ಲಿ ಆಡಿಸಿದ ಕಡ್ಡಿಗೆ ಅದು ಸಿಗುವುದಿಲ್ಲ. ಇಎನ್‌ಟಿ ವೈದ್ಯರು ಎಂಡೋಸ್ಕೋಪ್ ಹಾಕಿ ಒಳಗಿನಿಂದ ತೆಗೆಯಬೇಕು.

ಇಷ್ಟಿದ್ದರೂ ಬೆಳೆದದ್ದಕ್ಕೆಲ್ಲ ಸೆನ್ಸಿಟಿವಿಟಿ ಹಾಕಿ ವರದಿ ಕೊಡುವ ಲ್ಯಾಬ್‌ಗಳಿವೆ. ಔಷಧಿ ಅದ್ದಿದ ಕಾಗದದ ಬಿಲ್ಲೆಗಳನ್ನು ತಟ್ಟೆಯ ಮೇಲಿಟ್ಟು, ಮರುದಿನ ಅವುಗಳ ಸುತ್ತ ಬೆಳವಣಿಗೆ ನಿಂತ ವೃತ್ತವನ್ನು ಮಿಲಿಮೀಟರಿನಲ್ಲಿ ಅಳೆಯುವ ಕೆಲಸ ಅದು. ಬಾಯರ್, ಕಿರ್ಬಿ ಮತ್ತವರ ಸಂಗಡಿಗರು 1966ರಲ್ಲಿ ಒಂದು ಕ್ರಮಕ್ಕೆ ತಂದ ವಿಧಾನ. ನನಗೆ ಇಂದಿಗೂ ಬೇಸರ ತರದ ಕೆಲಸ. ಆದರೆ ರೋಗವನ್ನೇ ತಂದಿರದ ಬ್ಯಾಕ್ಟೀರಿಯಾಕ್ಕೆ ಮದ್ದು ಹುಡುಕಿ ಯಾರಿಗೇನು ಉಪಯೋಗ?

ಉಪಯೋಗವಿಲ್ಲದಿದ್ದರೆ ಹೋಗಲಿ, ಕೇಡಿದೆ. ಸಾಲಾಗಿ ಔಷಧಿಗಳ ಹೆಸರು, ಎದುರಿಗೆ ‘ಎಸ್’ (ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗುತ್ತದೆ) ಅಥವಾ ‘ಆರ್’ (ಬಗ್ಗುವುದಿಲ್ಲ) ಇರುವ ಆ ಹಾಳೆಯನ್ನು ಜನ ಹೋಟೆಲಿನ ತಿಂಡಿ ಪಟ್ಟಿಯಂತೆ ಓದುತ್ತಾರೆ. ಬೇರೆ ಲ್ಯಾಬಿನ ವರದಿ ಹಿಡಿದು ಬಂದ ತಂದೆಯೊಬ್ಬರು ಕೇಳಿದರು: “ಮೇಡಂ, ಲಿನೆಝೋಲಿಡ್ ಮುಂದೆ ಎಸ್ ಅಂತಿದೆ. ಇದೇ ಪವರ್ ಜಾಸ್ತಿ ಅಂದ್ರು ಮೆಡಿಕಲ್ ಶಾಪಿನವರು. ತಗೊಂಡು ಹೋಗ್ಲಾ?” ವಿಶ್ವ ಆರೋಗ್ಯ ಸಂಸ್ಥೆ ಕೊನೆಯ ಆಸರೆಯಾಗಿ ಕಾಯ್ದಿಡಿ ಎಂದಿರುವ ಔಷಧಿಯದು. ಅವರ ಮಗಳಿಗಿದ್ದದ್ದು ಬರೀ ನೆಗಡಿ. ಇದರ ಜೊತೆಗೆ ಮೂಗಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು. ಅಲ್ಲಿ ವಾಸಿಸುವ ಸ್ಟ್ಯಾಫಿಲೋಕಾಕಸ್ ಲುಗ್ಡುನೆನ್ಸಿಸ್ ಎಂಬುದು ಆರಿಯಸ್ಸನ್ನು ಕೊಲ್ಲುವ ವಸ್ತುವನ್ನು ತಾನೇ ತಯಾರಿಸುತ್ತದೆಂದು ಜರ್ಮನಿಯ ಟ್ಯೂಬಿಂಗನ್‌ ವಿಜ್ಞಾನಿಗಳು 2016ರಲ್ಲಿ ತೋರಿಸಿದ್ದಾರೆ. ಸುಮ್ಮನೆ ನುಂಗಿದ ಮಾತ್ರೆ ಇಂಥವನ್ನೂ ಉಳಿಸದು.

ಹಾಗಾದರೆ ಈ ಪರೀಕ್ಷೆಯೇ ಬೇಡವೇ? ಬೇಕು, ಬೇರೆಯವರಿಗೆ. ಹೃದಯದ ಆಪರೇಷನ್ನಿಗೆ, ಮಂಡಿ ಕೀಲು ಬದಲಾವಣೆಗೆ ಹೊರಟವರಿಗೆ, ಮೈಮೇಲೆ ಮತ್ತೆ ಮತ್ತೆ ಕುರು ಏಳುವವರಿಗೆ. ಅಲ್ಲಿ ಪ್ರಶ್ನೆ ಸ್ಪಷ್ಟ: ಆರಿಯಸ್ ಇದೆಯೇ, ಅದು ಸಾಮಾನ್ಯ ಆ್ಯಂಟಿಬಯೋಟಿಕ್‌ಗಳಿಗೆ ಜಗ್ಗದ ಎಂಆರ್‌ಎಸ್‌ಎ ತಳಿಯೇ? ಸೆಫಾಕ್ಸಿಟಿನ್ ಬಿಲ್ಲೆಯ ಸುತ್ತಲಿನ ವೃತ್ತ 22 ಮಿಲಿಮೀಟರಿಗಿಂತ ಕಡಿಮೆಯಾದರೆ ಉತ್ತರ ಹೌದು. ನೆದರ್ಲೆಂಡ್ಸ್‌ನ ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಮೂಗಿನಲ್ಲಿ ಆರಿಯಸ್ ಇದ್ದವರನ್ನು ಮೊದಲೇ ಗುರುತಿಸಿ, 5 ದಿನ ಮೂಗಿಗೆ ಮ್ಯುಪಿರೋಸಿನ್ ಮುಲಾಮು ಹಚ್ಚಿ, ಕ್ಲೋರ್‌ಹೆಕ್ಸಿಡಿನ್ ಸೋಪಿನಲ್ಲಿ ಸ್ನಾನ ಮಾಡಿಸಿದಾಗ ಆಸ್ಪತ್ರೆಯಲ್ಲಿ ತಗಲುವ ಆರಿಯಸ್ ಸೋಂಕು ಶೇ. 7.7ರಿಂದ 3.4ಕ್ಕೆ ಇಳಿಯಿತು. ಅಂಥ ರೋಗಿಗಳ ಸ್ವಾಬ್ ನನ್ನ ಮೇಜಿಗೆ ಬರುವುದು ಅಪರೂಪ. ನೆಗಡಿಯ ಮಕ್ಕಳದ್ದು ಬುಟ್ಟಿಗಟ್ಟಲೆ.

ವೈದ್ಯರು ಚೀಟಿಯಲ್ಲಿ ಕಾರಣವನ್ನೊಂದು ಸಾಲಿನಲ್ಲಿ ಬರೆಯಲಿ. ಲ್ಯಾಬಿನವರು ‘ಮೂಗಿನಲ್ಲಿ ಸಹಜವಾಗಿರುವ ಬ್ಯಾಕ್ಟೀರಿಯಾ ಬೆಳೆದಿವೆ’ ಎಂದಷ್ಟೇ ಬರೆದು ಸಹಿ ಹಾಕುವ ಧೈರ್ಯ ಮಾಡಲಿ. ತಂದೆತಾಯಂದಿರೇ, ಜ್ವರ ಏರುತ್ತಿದ್ದರೆ, ಕಣ್ಣಿನ ಸುತ್ತ ಊದಿಕೊಂಡರೆ ತಡಮಾಡದೆ ವೈದ್ಯರ ಬಳಿ ಓಡಿ. ಬರೀ ಸಿಂಬಳದ ಬಣ್ಣಕ್ಕೆ ಹೆದರಿ ಸ್ವಾಬ್ ಕೊಡಲು ಬರಬೇಡಿ. ವರದಿಯೊಂದು ಈಗಾಗಲೇ ಕೈಯಲ್ಲಿದ್ದರೆ, ಮೆಡಿಕಲ್ ಶಾಪಿಗೆ ಹೋಗುವ ಮೊದಲು ಅದನ್ನು ವೈದ್ಯರಿಗೆ ತೋರಿಸಿ.